ದೊಡ್ಡವ್ವ ಒಪ್ಪದ ಇಂಗ್ಲಿಷ್ ಶಬ್ದ

ಮೊಬೈಲು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಕಾಲ. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿತ್ತು. ಬೀಜಗಳನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟು, ನೂರಕ್ಕೆ ಎಷ್ಟು ಮೊಳೆತವು ಎಂದು ನೋಡುವ ಕೆಲಸ. ಕೆಲವು ತಿಂಗಳಾದ ಮೇಲೆ ಮ್ಯಾನೇಜರು ಆರೋಗ್ಯ ವಿಮೆಯ ಫಾರ್ಮ್ ಕೊಟ್ಟರು. ಅದರಲ್ಲಿ ‘ಡಿಪೆಂಡೆಂಟ್’ ಎಂಬ ಕಾಲಂ ಇತ್ತು. ಸಾಕಿದವರ ಹೆಸರನ್ನೂ ಬರೆಯಬಹುದು, ಆದರೆ ಅವರ ಸಹಿ ಬೇಕು ಎಂದರು.

ಯಾರ ಹೆಸರು ಎಂದು ನಾನು ಯೋಚಿಸಬೇಕಾಗಿರಲಿಲ್ಲ. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅವ್ವನ ಅಕ್ಕ, ನನ್ನ ದೊಡ್ಡವ್ವ, ನನ್ನನ್ನು ಬ್ಯಾಡಗಿಗೆ ಕರೆತಂದು ಬೆಳೆಸಿದಳು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಯಲ್ಲೇ ನನ್ನನ್ನು ಡಿಗ್ರಿವರೆಗೆ ಓದಿಸಿದಳು.

ಭಾನುವಾರ ಫಾರ್ಮ್ ಹಿಡಿದುಕೊಂಡು ಬ್ಯಾಡಗಿಗೆ ಹೋದೆ. ದೊಡ್ಡವ್ವ ಆಗಷ್ಟೇ ಕೆಲಸದಿಂದ ಬಂದು, ಉರಿಯುವ ಕೈಗಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದಳು.

“ಏನಂತ ಬರದೈತಿ ಇದರಾಗ?”

“ಡಿಪೆಂಡೆಂಟ್ ಅಂತ. ಅಂದ್ರ, ನನ್ನ ದುಡಿಮಿ ಮ್ಯಾಲೆ ಬದುಕಾವರು.”

ಎಣ್ಣೆಯ ಕೈ ಅಲ್ಲೇ ನಿಂತಿತು. “ನಿನ್ನ ದುಡಿಮಿ ಮ್ಯಾಲೆ ನಾ ಯಾವಾಗ ಬದುಕೇನಿ? ಇವತ್ತೂ ದುಡದ ಬಂದೇನಿ. ಅಂಥಾ ಶಬ್ದಕ್ಕ ನಾ ಸಹಿ ಹಾಕಾಂಗಿಲ್ಲ.”

ಎಷ್ಟು ಹೇಳಿದರೂ ಕೇಳಲಿಲ್ಲ. ಸಿಟ್ಟು ಮಾಡಿಕೊಂಡು ರಾಣೆಬೆನ್ನೂರಿಗೆ ಮರಳಿದೆ.

ಮರುದಿನ ಆಫೀಸಿನ ಹಿರಿಯ ಟೈಪಿಸ್ಟ್ ಅಕ್ಕನ ಮುಂದೆ ಎಲ್ಲ ತೋಡಿಕೊಂಡೆ. ಅವರು ಕೆಲಸ ನಿಲ್ಲಿಸಿ ಕೇಳಿದರು: “ಡಿಪೆಂಡ್ ಅಂದ್ರ ನೆಚ್ಚಿಕೊಂಡಿರೋದು ಅಂತನೂ ಆಗ್ತದವಾ. ಸಣ್ಣಾಕಿ ಇದ್ದಾಗ ನೀ ಯಾರನ್ನ ನೆಚ್ಚಿಕೊಂಡಿದ್ದಿ? ಆಗ ನೀನೂ ಆಕಿ ಡಿಪೆಂಡೆಂಟೇ. ಅದನ್ನ ಹೇಳಿದೇನು ಆಕಿಗೆ?”

ಹೇಳಿರಲಿಲ್ಲ. ನನ್ನ ಸಂಬಳದ ಹೆಮ್ಮೆಯನ್ನಷ್ಟೇ ಹೇಳಿ ಬಂದಿದ್ದೆ. ನಾಚಿಕೆಯಾಯಿತು.

ಮುಂದಿನ ಭಾನುವಾರ ದೊಡ್ಡವ್ವನ ಪಕ್ಕದಲ್ಲಿ ಕುಳಿತು, “ಇಷ್ಟು ವರ್ಷ ನಾ ನಿನ್ನ ಡಿಪೆಂಡೆಂಟ್ ಇದ್ದೆ. ಅದಕ್ಕ ಇವತ್ತ ನನಗೊಂದು ನೌಕರಿ ಐತಿ” ಎಂದೆ. ನಮ್ಮ ಮನೆಯಲ್ಲಿ ಉಪಕಾರದ ಮಾತು ಆಡುವ ರೂಢಿಯೇ ಇರಲಿಲ್ಲ.

“ಕೂಸಿಗೂ ಹಂಗ ಅಂತಾರನು?”

“ಅಂತಾರ.”

ದೊಡ್ಡವ್ವ ಎಣ್ಣೆಯ ಕೈ ಒರೆಸಿಕೊಂಡಳು. “ತಾ ಇಲ್ಲೆ. ಆದ್ರ ಕೆಲಸ ಬಿಡು ಅಂತ ಮಾತ್ರ ಅನ್ನಬ್ಯಾಡ.” ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು.

ಮರುವರ್ಷ ಅವಳ ಕಣ್ಣಿಗೆ ಪೊರೆ ಬಂತು. ಅದೇ ವಿಮೆಯಲ್ಲಿ ಹಾವೇರಿಯ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ದೊಡ್ಡವ್ವ ಬಸ್ಸಿನ ಕಿಟಕಿಯ ಬದಿಗೆ ಕುಳಿತು, ಕಂಡ ಅಂಗಡಿಗಳ ಬೋರ್ಡನ್ನೆಲ್ಲ ಜೋರಾಗಿ ಓದುತ್ತ ಬಂದಳು. ಹಿಂದಿನ ಸೀಟಿನವರು ನಗುತ್ತಿದ್ದರು. ನಾನು ಒಂದನ್ನೂ ಬಿಡದೆ ಕೇಳಿಸಿಕೊಂಡೆ.