ಸಿಟ್ಟು ಟೈಪ್ ಮಾಡಿಸುವ ಕೀಲಿಯಕ್ಕ

ಮಗಳ ಎರಡು ಜಡೆಗಳಲ್ಲಿ ಒಂದು ಮುಗಿದಿದೆ. ಇನ್ನೊಂದಕ್ಕೆ ಕೂದಲನ್ನು ಮೂರು ಎಳೆ ಮಾಡಿಯಾಗಿದೆ. ತಾಯಿಯ ಎಡಗೈಯ ಕಿರುಬೆರಳು, ಉಂಗುರಬೆರಳು ಈಚೆಗೆ ಮಾತು ಕೇಳುವುದಿಲ್ಲ. ಹಾಗಾಗಿ ಒಂದು ಎಳೆಯನ್ನು ಮಗಳೇ ಹಿಂದಕ್ಕೆ ಕೈ ಚಾಚಿ ಹಿಡಿದುಕೊಳ್ಳುತ್ತಾಳೆ. ‘ಈಗ ಬಿಡು’, ‘ಈಗ ಹಿಡಿ’ ಎಂದು ತಾಯಿ ಹೇಳುತ್ತಾ ಹೋದಂತೆ ಜಡೆ ಇಳಿಯುತ್ತಾ ಹೋಗಬೇಕು. ಅಷ್ಟರಲ್ಲಿ ಕರೆಗಂಟೆ ಬಡಿದುಕೊಳ್ಳುತ್ತದೆ. ಒತ್ತಿದವರು ಬೆರಳು ತೆಗೆಯುವ ಲಕ್ಷಣವಿಲ್ಲ.

"ಅಕ್ಕಾ, ಬಾಗಿಲು ತೆಗೀರಿ! ನನ್ನ ಕೀಬೋರ್ಡಿಗೆ ದೆವ್ವ ಹಿಡಿದಿದೆ!"

ಬಂದವಳು ತಾಯಿ ಕೆಲಸ ಮಾಡುವ ಕಚೇರಿಯ ಟೈಪಿಸ್ಟ್ ಹುಡುಗಿ. ಎಲ್ಲರೂ ಅವಳನ್ನು ಗಡಿಬಿಡಿ ಎಂದೇ ಕರೆಯುತ್ತಾರೆ. ಊಟದ ಚೀಲದಿಂದ ಅವಳು ಹೊರತೆಗೆದದ್ದು ಎರಡು ಹೋಳಾಗಿರುವ ಪುಟ್ಟ ಕೀಬೋರ್ಡು. ಎಡಗೈಗೊಂದು ಹೋಳು, ಬಲಗೈಗೊಂದು, ನಡುವೆ ಒಂದು ತಂತಿ.

"ಏನು ಒತ್ತಿದ್ರೂ ಅಂಕಿನೇ ಬರ್ತಿದೆ. ರೋಗಿ ಹೆಸರು ಹೊಡೆದ್ರೆ ಫೋನ್ ನಂಬರ್ ಥರ ಬೀಳ್ತಿದೆ."

"ದೆವ್ವ ಅಲ್ಲ, ನೀನೇ. ಮೇಲೆ ಹತ್ತಿ ಏಣಿ ಒದ್ದಿದೀಯ. ಕೂತ್ಕೋ."

ಕೀಲಿಯಕ್ಕ ಕೆಲಸಕ್ಕೆ ಕೂರುವುದು ಹೀಗೆ: ಊಟದ ಮೇಜಿನ ಮೇಲೆ, ಬಾಚಣಿಗೆ ಪಕ್ಕಕ್ಕೆ ಸರಿಸಿ, ಅರ್ಧ ಜಡೆಯ ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು. ಕಚೇರಿಯ ಹೆಂಗಸರ ನೊಂದ ಕೈಗಳಿಗೆ ಕೀಬೋರ್ಡು ಹೊಂದಿಸಿಕೊಡುವ ಇವರಿಗೆ ಕೀಲಿಯಕ್ಕ ಎಂಬ ಹೆಸರು ಯಾರಿಟ್ಟರೋ, ಈಗ ಅದೇ ನಿಂತಿದೆ. ಈ ಕೀಬೋರ್ಡುಗಳಲ್ಲಿ ಕೀಗಳು ಕಡಿಮೆ, ಕೆಲಸ ಹೆಚ್ಚು. ಯಾವ ಕೀ ಒತ್ತಿದರೆ ಏನಾಗಬೇಕು ಎಂಬುದನ್ನು ಬಳಸುವವರೇ ಬದಲಿಸಿಕೊಳ್ಳಬಹುದು. ಅದನ್ನು ಕೀಲಿಯಕ್ಕ ಮಹಡಿ ಮನೆಯ ಲೆಕ್ಕದಲ್ಲಿ ಹೇಳಿಕೊಡುತ್ತಾರೆ.

"ಕೆಳಗಿನ ಮನೇಲಿ ಅಕ್ಷರ, ಮೇಲಿನ ಮಹಡೀಲಿ ಅಂಕಿ. ಕೋಣೆಗಳು ಅವೇ, ಒಳಗಿರೋರು ಬೇರೆ. ಹೆಬ್ಬೆರಳಲ್ಲಿ ಈ ಕೀ ಒತ್ತಿ ಹಿಡಿದ್ರೆ ಮೇಲಿರ್ತೀಯ, ಬಿಟ್ರೆ ಕೆಳಗೆ ಬರ್ತೀಯ. ಎರಡೂ ಹೆಬ್ಬೆರಳು ಒಟ್ಟಿಗೆ ಒತ್ತಿದ್ರೆ ಮಾತ್ರ ಮೇಲೇ ಬೀಗ ಬೀಳತ್ತೆ. ಎಷ್ಟು ಸಲ ಹೇಳಿದೀನಿ?"

"ನಿದ್ದೆಗಣ್ಣಲ್ಲಿ ಒತ್ತಿರ್ತೀನಿ."

"ನಿನ್ನಂಥವಳಿಗೆ ಆ ಬೀಗನೇ ಬೇಡ, ತೆಗೆದುಬಿಡ್ತೀನಿ. ಇವತ್ತು ಇದನ್ನ ಆಫೀಸಿಗೆ ಹೇಗೆ ಒಯ್ತೀಯ? ಒಳಗೆ ಬಿಡ್ತಾರಾ?"

ಗಡಿಬಿಡಿ ಚೀಲದ ಜಿಪ್ಪನ್ನು ಎಳೆಯುತ್ತಾಳೆ, ಮುಚ್ಚುತ್ತಾಳೆ. "ಸೈನ್ ಹಾಕ್ಬಿಟ್ಟೆ ಅಕ್ಕಾ," ಎನ್ನುತ್ತಾಳೆ ಕೊನೆಗೆ.

ಆಕೆ ಸಹಿ ಹಾಕಿದ್ದು ಒಂದೇ ಸಾಲಿಗೆ. ‘ನನ್ನ ಕೈನೋವು ಮನೆಗೆಲಸದಿಂದ ಬಂದದ್ದು, ಕಚೇರಿಯ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ.’ ಇಷ್ಟು ಬರೆದುಕೊಟ್ಟವರಿಗೆ ಮಾತ್ರ ಹೊರಗಿನ ಕೀಬೋರ್ಡು ಬಳಸಲು ಅನುಮತಿ ಎಂದು ಕಚೇರಿ ಹೊಸದಾಗಿ ಸಾರಿದೆ.

"ಮನೆಗೆಲಸವಂತೆ! ನಾನಿರೋದು ಹಾಸ್ಟೆಲ್‌ನಲ್ಲಿ. ರೂಮಲ್ಲಿ ಒಲೆ ಇಲ್ಲ, ಬಟ್ಟೆ ಲಾಂಡ್ರಿಗೆ ಹೋಗತ್ತೆ, ಗುಡಿಸೋಕೂ ಜನ ಬರ್ತಾರೆ. ಸೈನ್ ಹಾಕುವಾಗ ನಗು ಬಂತು ಅಕ್ಕಾ."

"ಮತ್ತೆ ಯಾಕೆ ಹಾಕಿದೆ?"

"ಇದಿಲ್ದೆ ಮಧ್ಯಾಹ್ನದ ಹೊತ್ತಿಗೆ ಕೈ ಮರ ಆಗತ್ತಲ್ಲ."

ಕೀಲಿಯಕ್ಕನಿಗೆ ಸಿಟ್ಟು ಏರುತ್ತದೆ. ಆ ಸಿಟ್ಟು ಹುಡುಗಿಯ ಮೇಲಲ್ಲ. ಅವಳ ಕೀಬೋರ್ಡನ್ನು ಸರಿಮಾಡಿ, ಒರೆಸಿ, ಮತ್ತೆ ಚೀಲಕ್ಕೆ ಹಾಕಿಕೊಡುತ್ತಾರೆ. "ಅಮ್ಮಾ, ಅಪ್ಪ..." ಎಂದು ಮಗಳು ಏನೋ ಕೇಳಹೊರಡುತ್ತಾಳೆ. "ಆಮೇಲೆ ಕಂದಾ, ಹೊತ್ತಾಯ್ತು," ಎಂದು ತಾಯಿ ಉಳಿದ ಜಡೆಗೆ ಕೈ ಹಾಕುತ್ತಾರೆ.

ಕಚೇರಿಯ ಕೆಲಸ ಏನೆಂದು ಹೇಳದೆ ಈ ಸಿಟ್ಟು ಅರ್ಥವಾಗುವುದಿಲ್ಲ. ಆಸ್ಪತ್ರೆಗಳಲ್ಲಿ ವೈದ್ಯರು ರೋಗಿಯನ್ನು ನೋಡಿ, ಕಂಡದ್ದನ್ನು ಬಾಯಲ್ಲಿ ಹೇಳಿ ಧ್ವನಿಮುದ್ರಿಸುತ್ತಾರೆ. ಅದನ್ನು ಕಿವಿಗೆ ಹಾಕಿಕೊಂಡು ಟೈಪ್ ಮಾಡುವವರು ಇವರು. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಸಾಲು ಮೇಜು, ಕಾಲಡಿಯಲ್ಲಿ ಧ್ವನಿಯನ್ನು ನಿಲ್ಲಿಸುವ ಪೆಡಲು. ವೈದ್ಯರು ಉಸಿರು ಬಿಡುವ ಹೊತ್ತಿನಲ್ಲಿ ಇವರು ಉಸಿರು ತೆಗೆದುಕೊಳ್ಳಬೇಕು. ದಿನಕ್ಕೆ ಸಾವಿರ ಸಾಲು ಆಗಲೇಬೇಕು. ಆಗದಿದ್ದರೆ ಮರುದಿನ ಹೆಸರು ಗೋಡೆಯ ಪರದೆಯ ಮೇಲೆ ಕೆಂಪಗೆ ಕಾಣುತ್ತದೆ.

ಅಕ್ಷರ ಹೊಡೆಯುವುದರಿಂದ ಕೈ ಹೋಗುವುದಿಲ್ಲ, ಮೂಲೆಯ ಕೀಗಳಿಗೆ ಚಾಚುವುದರಿಂದ ಹೋಗುತ್ತದೆ ಎನ್ನುತ್ತಾರೆ ಕೀಲಿಯಕ್ಕ. ಶಿಫ್ಟ್, ಕಂಟ್ರೋಲ್ ಎಂಬ ಕೀಗಳು ಎಲ್ಲ ಕೀಬೋರ್ಡುಗಳಲ್ಲೂ ಅಂಚಿನಲ್ಲಿ ಕೂತಿರುತ್ತವೆ. ಕೈಯಲ್ಲೇ ಬಡಪಾಯಿಯಾದ ಕಿರುಬೆರಳು ದಿನವಿಡೀ ಅವುಗಳ ಕಡೆಗೆ ಓಡಬೇಕು. "ಮನೇಲಿ ಚಿಕ್ಕ ಸೊಸೆ ಇದ್ದ ಹಾಗೆ. ಭಾರದ ಕೊಡ ಎಲ್ಲಾ ಅವಳ ತಲೆಗೇ. ದೊಡ್ಡಪ್ಪನ ಥರ ಹೆಬ್ಬೆರಳು ಮಾತ್ರ ಒಂದೇ ಒಂದು ಉದ್ದ ಕೀ ಮೇಲೆ ಆರಾಮಾಗಿ ಮಲಗಿರತ್ತೆ."

ಅವರ ಎಡಗೈ ಮೊದಲು ಜೋಮು ಹಿಡಿಯಿತು, ಆಮೇಲೆ ಉರಿಯತೊಡಗಿತು, ಆಮೇಲೆ ಲೋಟ ಜಾರತೊಡಗಿತು. ಯಾರೋ ಮಾರಾಟಕ್ಕಿಟ್ಟ ಹಳೆಯ ಎರಡು ಹೋಳಿನ ಕೀಬೋರ್ಡು ತಂದು, ಗುರುತಿಲ್ಲದವರು ಅಂತರ್ಜಾಲದಲ್ಲಿ ಬರೆದಿಟ್ಟದ್ದನ್ನು ಓದಿ, ತಪ್ಪು ಮಾಡಿ, ಒಮ್ಮೆ ಇಡೀ ಕೀಬೋರ್ಡೇ ಮೂಕವಾಗಿ, ಮತ್ತೆ ಜೀವ ಬಂದು, ಹೇಗೋ ಕಲಿತರು. ಭಾರದ ಕೊಡಗಳನ್ನು ದೊಡ್ಡಪ್ಪನ ತಲೆಗೆ ವರ್ಗಾಯಿಸಿದರು. ಒಂದೇ ಕೀ, ತಟ್ಟಿದರೆ ಖಾಲಿ ಜಾಗ, ಒತ್ತಿ ಹಿಡಿದರೆ ಶಿಫ್ಟ್. ಹಿಡಿಯಲೂ ಆಗದವರಿಗೆ ಇನ್ನೊಂದು ಬಗೆ: ಒಮ್ಮೆ ತಟ್ಟಿ ಬಿಟ್ಟರೆ ಶಿಫ್ಟ್ ಮುಂದಿನ ಅಕ್ಷರಕ್ಕಾಗಿ ಕಾದು ಕೂರುತ್ತದೆ. ನೋವು ಮಾಯವಾಗಲಿಲ್ಲ, ಆದರೆ ಹಿಂದೆ ಸರಿಯಿತು. ಪಕ್ಕದ ಮೇಜಿನವಳು ನೋಡಿದಳು, ಅವಳ ಪಕ್ಕದವಳು ಕೇಳಿದಳು. ಹಾಗೆ ಶುರುವಾದದ್ದು ಇದು.

ಕೀಬೋರ್ಡು ಹೊಂದಿಸುವ ಮುಂಚೆ ಕೀಲಿಯಕ್ಕ ಎಲ್ಲರಿಗೂ ಒಂದೇ ಕೆಲಸ ಹೇಳುತ್ತಾರೆ. ಕಚೇರಿಯ ಹಿರಿಯ ಟೈಪಿಸ್ಟ್, ಎಲ್ಲರ ದೊಡ್ಡಮ್ಮ, ಮೊದಲ ಸಲ ಈ ಮೇಜಿಗೆ ಬಂದಾಗ ಬೆನ್ನು ನೆಟ್ಟಗೆ ಮಾಡಿ ಶಾಲೆಯ ಮಗುವಿನ ಹಾಗೆ ಟೈಪ್ ಮಾಡಿದರಂತೆ. ಕೀಲಿಯಕ್ಕ ತಡೆದರು.

"ಹೀಗಲ್ಲ ದೊಡ್ಡಮ್ಮ. ನಿಮಗೆ ಸಿಟ್ಟು ಬಂದಿರೋದನ್ನ ಹೊಡೀರಿ."

"ಯಾರ ಮೇಲೆ?"

"ಯಾರ ಮೇಲಾದ್ರೂ. ನಾನು ಓದಲ್ಲ, ಕೈ ಮಾತ್ರ ನೋಡ್ತೀನಿ."

"ಪಟ್ಟಿ ಉದ್ದ ಇದೆಯಲ್ಲೇ. ರಾತ್ರಿ ಊಟಕ್ಕೂ ಇಲ್ಲೇ ಇರ್ಲಾ?"

ಸಿಟ್ಟಿನಲ್ಲಿ ಕೈ ಸುಳ್ಳು ಹೇಳುವುದಿಲ್ಲ ಎಂಬುದು ಕೀಲಿಯಕ್ಕನ ಅನುಭವ. ಯಾವ ಬೆರಳು ಎಷ್ಟು ಹೊತ್ತು ಕೀಯ ಮೇಲೆ ಉಳಿಯುತ್ತದೆ, ಯಾವುದು ಚಾಚಲು ಹೆದರುತ್ತದೆ ಎಲ್ಲವೂ ಹೊರಬರುತ್ತದೆ. ದೊಡ್ಡಮ್ಮನ ಬೆರಳು ಪ್ರತಿ ಕೀಯ ಮೇಲೂ ಕೊಂಚ ತಂಗುತ್ತಿತ್ತು. ತಟ್ಟಿದ್ದನ್ನೂ ಕೀಬೋರ್ಡು ಹಿಡಿದದ್ದು ಎಂದುಕೊಂಡು ಅಕ್ಷರ ನುಂಗುತ್ತಿತ್ತು. ತಟ್ಟುವುದಕ್ಕೂ ಹಿಡಿಯುವುದಕ್ಕೂ ನಡುವಿನ ಗಡುವು ಕಣ್ಣು ಮಿಟುಕಿಸುವಷ್ಟು. ಅದನ್ನು ಇನ್ನಷ್ಟು ಸಡಿಲಿಸಿದರು. "ಎಲ್ಲರ ಕೈಗೂ ಒಂದೇ ಗಡುವು ಇಟ್ರೆ ಹೇಗೆ? ಕೈ ನೋಡಿ ಗಡುವು ಇಡ್ಬೇಕು," ಎನ್ನುತ್ತಾರೆ. ದೊಡ್ಡಮ್ಮ ಅಂದು ಸಿಟ್ಟು ಹೊಡೆದು ಮುಗಿಸುವಷ್ಟರಲ್ಲಿ ಇಟ್ಟ ಚಹಾ ಆರಿ ಕೆನೆ ಕಟ್ಟಿತ್ತು. ಪರದೆಯ ಮೇಲಿದ್ದುದನ್ನು ಕೀಲಿಯಕ್ಕ ಓದದೆ ಅಳಿಸಿದರು.

ಆ ದೊಡ್ಡಮ್ಮನೂ ಸಹಿ ಹಾಕಿದ್ದಾರೆ. ಒಬ್ಬೊಬ್ಬರಾಗಿ ಎಲ್ಲರೂ ಹಾಕಿದ್ದಾರೆ. ಹಾಕಿಸಿಕೊಂಡವರಿಗೆ ಗೊತ್ತು ಏಕೆಂದು: ಕೆಲಸದಿಂದ ಕೈ ಹೋಯಿತೆಂದರೆ ಚಿಕಿತ್ಸೆ ಕಚೇರಿಯ ತಲೆಗೆ ಬರುತ್ತದೆ, ಸಾವಿರ ಸಾಲಿನ ಬಗ್ಗೆ ಯಾರಾದರೂ ಪ್ರಶ್ನೆ ಕೇಳುತ್ತಾರೆ. ಮನೆಗೆಲಸದಿಂದ ಹೋಯಿತೆಂದರೆ? ಮನೆಯನ್ನು ಯಾರು ವಿಚಾರಣೆಗೆ ಕರೆಯುತ್ತಾರೆ! ಒರಳು ಬಂದು ಸಾಕ್ಷಿ ಹೇಳುತ್ತದೆಯೇ? ಹೆಣ್ಣಿನ ಮೈಯಲ್ಲಿ ಎಲ್ಲಿ ನೋವು ಕಂಡರೂ ಅದನ್ನು ಅಡುಗೆಮನೆಯ ಬಾಗಿಲಿಗೆ ಒಯ್ದು ಬಿಟ್ಟುಬರುವುದು ಎಷ್ಟು ಸುಲಭ. ಅದಕ್ಕಿಂತ ಉರಿ ಹತ್ತಿಸುವುದು ಇನ್ನೊಂದಿದೆ. ‘ಮಣಿಕಟ್ಟಿನ ನರ ಒತ್ತಿಹೋಗಿದೆ, ಕಾರಣ ಒಂದೇ ಬಗೆಯ ಕೆಲಸವನ್ನು ಎಡೆಬಿಡದೆ ಮಾಡಿದ್ದು’ ಎಂದು ಯಾರದೋ ಕೈಯ ಬಗ್ಗೆ ಯಾವುದೋ ವೈದ್ಯರು ಹೇಳುವುದನ್ನು ಈ ಹೆಂಗಸರು ವಾರಕ್ಕೊಮ್ಮೆಯಾದರೂ ಟೈಪ್ ಮಾಡುತ್ತಾರೆ. ರೋಗಿಯ ಕೈಗೆ ಒಂದು ನ್ಯಾಯ, ಅದನ್ನು ಬರೆದ ಕೈಗೆ ಇನ್ನೊಂದು.

"ನೋವು ನಂದು. ಅದಕ್ಕೆ ಕಾರಣ ಅವರು ಬರೆದುಕೊಡ್ತಾರಂತೆ, ನಾನು ಹೆಸರು ಹಾಕ್ಬೇಕಂತೆ," ಎನ್ನುತ್ತಾರೆ ಕೀಲಿಯಕ್ಕ. ಸಹಿ ಹಾಕದೆ ಉಳಿದವರು ಅವರೊಬ್ಬರೇ. ಎಲ್ಲರಿಗೂ ಕೀಬೋರ್ಡು ಹೊಂದಿಸಿಕೊಟ್ಟವರು ಒಂದು ವಾರದಿಂದ ಕಚೇರಿಯ ಮಾಮೂಲಿ ಕೀಬೋರ್ಡಿನಲ್ಲಿ ಕೈ ಸವೆಸುತ್ತಿದ್ದಾರೆ. ಹೆಸರು ದಿನವೂ ಪರದೆಯ ಮೇಲೆ ಕೆಂಪಗಿದೆ. ಇಂದು ಬೆಳಗ್ಗೆ ವ್ಯವಸ್ಥಾಪಕರ ಕೋಣೆಗೆ ಬರಬೇಕು, ಸಹಿ ಹಾಕಬೇಕು, ಇಲ್ಲವೇ ನಾಳೆಯಿಂದ ಬರಬೇಕಾಗಿಲ್ಲ ಎಂದು ಅಪ್ಪಣೆಯಾಗಿದೆ.

ಶಾಲೆಗೆ ರಜೆ. ಬಸ್ ಚಾಲಕನಾದ ಗಂಡ ನಸುಕಿಗೇ ಕೆಲಸಕ್ಕೆ ಹೋಗಿದ್ದಾನೆ. ಹಾಗಾಗಿ ಮಗಳೂ ಜೊತೆಗೆ.

ವ್ಯವಸ್ಥಾಪಕರ ಕೋಣೆಗೆ ಕಿಟಕಿಯಿದೆ. ಮೇಜಿನ ಮೇಲೆ ಹಾಳೆ ಸಿದ್ಧವಾಗಿದೆ, ಪೆನ್ನಿನ ಮುಚ್ಚಳವನ್ನೂ ತೆಗೆದಿಟ್ಟಿದ್ದಾರೆ. ಪಕ್ಕದಲ್ಲಿ ಕಚೇರಿ ಗೊತ್ತುಮಾಡಿಕೊಂಡ ವೈದ್ಯರು. ಅವರು ಕೈಯನ್ನು ಮುಟ್ಟಿ ನೋಡುವುದಿಲ್ಲ. ತಲೆಯೆತ್ತದೆ ಕೇಳುತ್ತಾರೆ.

"ಮನೇಲಿ ಬಟ್ಟೆ ಕೈಯಲ್ಲೇ ಒಗೆಯೋದಾ?"

"ಹೌದು. ಮೆಷಿನ್ ಇಲ್ಲ."

ಒಂದು ಗುರುತು ಬೀಳುತ್ತದೆ.

"ಹಿಂಡೋದು, ಜಾಡಿಸೋದು?"

"ಇದ್ದೇ ಇರತ್ತಲ್ಲ."

ಇನ್ನೊಂದು ಗುರುತು.

"ಹಿಟ್ಟು ನಾದೋದು?"

"ದಿನಾ. ಆದ್ರೆ ಸರ್, ಅದನ್ನೆಲ್ಲ ಮಾಡೋದು..."

"ಕೇಳಿದ್ದಕ್ಕೆ ಹೌದು, ಇಲ್ಲ ಅಂದ್ರೆ ಸಾಕಮ್ಮ."

ವ್ಯವಸ್ಥಾಪಕರು ಬೆಣ್ಣೆಯಂಥ ದನಿಯಲ್ಲಿ ಸೇರಿಕೊಳ್ಳುತ್ತಾರೆ. "ನೋಡಮ್ಮಾ, ಮನೆಗೆಲಸ ಅಂದ್ರೆ ಹುಡುಗಾಟನಾ? ನಮ್ಮನೆಯವಳದ್ದೂ ಇದೇ ಗೋಳು. ನಿನ್ನ ಮೇಲೆ ನಮಗೇನು ಹಗೆ? ಒಂದು ಸೈನ್ ಹಾಕು, ನಿನ್ನ ಆಟದ ಸಾಮಾನು ತಂದಿಟ್ಕೊಂಡು ಹಾಯಾಗಿ ಕೆಲಸ ಮಾಡು."

ಆಟದ ಸಾಮಾನು! ಕೀಲಿಯಕ್ಕನಿಗೆ ಕಿವಿಯವರೆಗೂ ಬಿಸಿಯೇರುತ್ತದೆ. ಆದರೆ ತಿಂಗಳ ಕೊನೆ ಎದುರಿಗಿದೆ. ಈ ಕೆಲಸ ಹೋದರೆ ಇನ್ನೊಂದು ಕಚೇರಿ ಈ ಕೈಯನ್ನು ನೋಡಿ ಕೆಲಸ ಕೊಡುವುದಿಲ್ಲ. ಎಲ್ಲರೂ ಹಾಕಿದ್ದಾರೆ. ಹಾಕಿದವರನ್ನು ತಾನು ಒಂದು ಮಾತೂ ಅನ್ನಲಿಲ್ಲ, ತನ್ನನ್ನು ತಾನೇ ಅನ್ನಬೇಕೇ? ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಪೆನ್ನು ಹಿಡಿಯುತ್ತಾರೆ. ಹಾಳೆಯನ್ನು ಎಡಗೈಯಲ್ಲಿ ಒತ್ತಿ ಹಿಡಿಯಲು ನೋಡುತ್ತಾರೆ. ಅದು ಜಾರುತ್ತದೆ. ವ್ಯವಸ್ಥಾಪಕರೇ ಕೈ ಚಾಚಿ ಹಾಳೆಯ ಮೂಲೆಯನ್ನು ಹಿಡಿದು ಉಪಕಾರ ಮಾಡುತ್ತಾರೆ.

ಮಗಳು ಕುರ್ಚಿಯಿಂದ ಇಳಿದು ಮೇಜಿನ ಹತ್ತಿರ ಬರುತ್ತಾಳೆ. ತಾಯಿಯ ಕಡೆಗಲ್ಲ, ವೈದ್ಯರ ಕಡೆಗೆ. ಗಲ್ಲ ಮೇಜಿನಷ್ಟೇ ಎತ್ತರದಲ್ಲಿದೆ; ದನಿ ಮಾತ್ರ ಹೊರಗಿನ ಸಾಲು ಮೇಜುಗಳವರೆಗೂ ಕೇಳುತ್ತದೆ.

"ಡಾಕ್ಟರ್ ಅಂಕಲ್, ನಮ್ಮನೇಲಿ ಬಟ್ಟೆ ಒಗೆಯೋದು, ಹಿಂಡೋದು, ಹಿಟ್ಟು ನಾದೋದು ಎಲ್ಲಾ ಅಪ್ಪ. ಹಾಗಾದ್ರೆ ಅಪ್ಪನ ಕೈ ಯಾಕೆ ನೋಯಲ್ಲ?"