ಕುಂಬಳಕಾಯಿ ನರ್ಸಮ್ಮ

ಮರಗಳು ಎಲೆ ಉದುರಿಸತೊಡಗಿದವೆಂದರೆ ಆರೋಗ್ಯ ಕೇಂದ್ರದ ನರ್ಸಮ್ಮ ಕಾಲಿಗೆ ಚಕ್ರ ಕಟ್ಟಿಕೊಂಡರೆಂದೇ ಲೆಕ್ಕ. ಚಳಿ ಬರುವ ಮುಂಚೆಯೇ ಜನ ಮೈಮುದುಡಿ ಕೂತು ಕರಿದದ್ದು ಮೆಲ್ಲುತ್ತಾರೆಂಬುದು ಅವರ ದೂರು. ಕಂಕುಳಲ್ಲಿ ಕುಂಬಳಕಾಯಿ ಇಟ್ಟುಕೊಂಡು ಮನೆಮನೆಗೆ ನುಗ್ಗಿ, ಯೋಗಕ್ಷೇಮ ಕೇಳುವ ಮೊದಲೇ ಪಾತ್ರೆಗಳ ಮುಚ್ಚಳ ತೆಗೆದು ನೋಡುತ್ತಾರೆ. "ಏನಮ್ಮಾ, ತರಕಾರಿ ನಿಮ್ ಮೇಲೆ ಮುನಿಸ್ಕೊಂಡಿದ್ಯಾ?" ಎಂದು ಗದರಿ, ಟಿವಿ ಆರಿಸಿ, ಅಜ್ಜನಿಂದ ಮೊಮ್ಮಗಳವರೆಗೆ ಎಲ್ಲರ ಕೈಗೂ ಪೊರಕೆ ಕೊಟ್ಟು ಅಂಗಳದ ಎಲೆ ಗುಡಿಸಲು ಅಟ್ಟುತ್ತಾರೆ. ಅವರನ್ನು ದೂರದಿಂದ ಕಂಡೊಡನೆ ಗಂಡಸರು ಸೋಫಾದಿಂದೆದ್ದು ಸುಮ್ಮಸುಮ್ಮನೆ ಓಡಾಡುವುದೂ ಉಂಟು. ಅದೂ ವ್ಯಾಯಾಮವೇ ಎಂದು ನರ್ಸಮ್ಮ ನಗುತ್ತಾರೆ. ಈ ಸಲ ಮೂಲೆಮನೆಯಲ್ಲಿ ಮಾತ್ರ ಅವರು ಜೋರು ಮಾಡಲಿಲ್ಲ. ಬೇಸಿಗೆಯಲ್ಲಿ ಹೆಂಡತಿಯನ್ನು ಕಳೆದುಕೊಂಡ ಬಡಗಿ ಅಲ್ಲಿ ಇಬ್ಬರು ಮಕ್ಕಳೊಂದಿಗೆ ಬ್ರೆಡ್ಡು, ಚಹಾದಲ್ಲೇ ದಿನ ದೂಡುತ್ತಿದ್ದ. "ನನ್ ಕೈಲಿ ಆಗ್ತಿಲ್ಲ, ಸ್ವಲ್ಪ ಹೆಚ್ಚಿಕೊಡಪ್ಪಾ," ಎಂದು ಕುಂಬಳಕಾಯಿಯನ್ನು ಅವನ ಮುಂದಿಟ್ಟರು. ಅವನು ಹೆಚ್ಚಿದ; ನರ್ಸಮ್ಮ ಪಲ್ಯಕ್ಕಿಟ್ಟರು; ಮಕ್ಕಳು ಒಲೆಯ ಸುತ್ತ ಸೇರಿದರು. ಎಲ್ಲರ ಜೊತೆ ಊಟಕ್ಕೆ ಕೂತ ಬಡಗಿ ಎರಡೇ ತುತ್ತಿಗೆ ತಟ್ಟೆ ಸರಿಸಿದ. "ನೀನೆದ್ರೆ ನಾನೂ ಏಳ್ಬೇಕಾಗುತ್ತೆ ಕಣಪ್ಪಾ, ನಂಗಿನ್ನೂ ಹಸಿವಿದೆ," ಎಂದರು, ಯಾರ ಮನೆಯಲ್ಲೂ ಒಂದು ಗಳಿಗೆ ಕೂರದ ನರ್ಸಮ್ಮ; ಅವನು ಮತ್ತೆ ತಟ್ಟೆ ಎಳೆದುಕೊಂಡು ಇನ್ನೊಮ್ಮೆ ಬಡಿಸಿಕೊಳ್ಳುವವರೆಗೂ ಅವರು ಮೇಲೇಳಲಿಲ್ಲ.