ಅರ್ಧ ಸ್ಯಾಂಡ್‌ವಿಚ್ಚಿನ ಪ್ರಾಯಶ್ಚಿತ್ತ

ಟಸ್ಕಾನಾ ಸ್ಟೇಟ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಯಾಕೆ ಸೋಲುತ್ತದೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಎರಡು ಉತ್ತರಗಳಿವೆ. ಕಾಲೇಜಿನವರನ್ನು ಕೇಳಿದರೆ ದುಡ್ಡಿಲ್ಲ ಎನ್ನುತ್ತಾರೆ. ಊರಿನವರನ್ನು ಕೇಳಿದರೆ ವೆಂಡೆಲ್ ಸ್ಟಟ್ಸ್‌ಮನ್ ಸ್ಯಾಂಡ್‌ವಿಚ್ ಕೊಟ್ಟ ಎನ್ನುತ್ತಾರೆ.

ವೆಂಡೆಲ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಇಷ್ಟು ತೊಂದರೆಯೇ ಆಗುತ್ತಿರಲಿಲ್ಲ. ನಲವತ್ತು ವರ್ಷ ಊರಿನ ಮನೆಗಳ ನೆಲಮಾಳಿಗೆಗೆ ಇಳಿದು, ಮನೆ ಬೆಚ್ಚಗಿಡುವ ಫರ್ನೇಸುಗಳನ್ನು ರಿಪೇರಿ ಮಾಡಿದವನು. ಯಾರ ಮನೆಯ ಬುಡ ಎಷ್ಟು ಭದ್ರ ಎಂಬುದು ಅವನಿಗೆ ಗೊತ್ತು, ಆದರೂ ಯಾರ ಮುಂದೆಯೂ ಬಾಯಿಬಿಟ್ಟವನಲ್ಲ. ಸುಳ್ಳು ಮಾತ್ರ ಅವನಿಗೆ ಆಗದು. ಸತ್ಯ ಹರಿಶ್ಚಂದ್ರ ಒಹಾಯೋದಲ್ಲಿ ಹುಟ್ಟಿ ಫರ್ನೇಸ್ ರಿಪೇರಿ ಕಲಿತಿದ್ದರೆ ಹೀಗೇ ಇರುತ್ತಿದ್ದ.

ನಡೆದದ್ದು ಇಷ್ಟು. ಸಾವಿರದ ಒಂಬೈನೂರ ತೊಂಬತ್ತೇಳರ ನವೆಂಬರ್. ತಂಡ ಒಂದೇ ಸಮನೆ ಗೆಲ್ಲುತ್ತಿದ್ದ ವರ್ಷ ಅದು, ನಮ್ಮಲ್ಲಿ ಅಂಥದ್ದೂ ಒಂದಿತ್ತು. ಚೆಂಡು ಹಿಡಿದು ಓಡುವುದರಲ್ಲಿ ಗಾಳಿಯಂತಿದ್ದ ಡಾರ್ನೆಲ್ ಪೀಕ್ಸ್ ಎಂಬ ಹುಡುಗನ ಬಾಡಿಗೆ ಮನೆಯಲ್ಲಿ ಫರ್ನೇಸ್ ಕೆಟ್ಟಿತು. ವೆಂಡೆಲ್ ಹೋಗಿ ಸರಿಮಾಡಿದ. ಹುಡುಗ ಹಸಿದಿದ್ದಾನೆ ಎನಿಸಿ ತನ್ನ ಡಬ್ಬಿಯಲ್ಲಿದ್ದ ಕೋಳಿ ಸ್ಯಾಂಡ್‌ವಿಚ್ಚಿನ ಅರ್ಧ ಮುರಿದು ಕೊಟ್ಟ. ಆಗಿನ ನಿಯಮದ ಪ್ರಕಾರ ಅಭಿಮಾನಿಗಳು ಆಟಗಾರರಿಗೆ ಕಡ್ಡಿಯಷ್ಟು ವಸ್ತುವನ್ನೂ ಕೊಡುವಂತಿರಲಿಲ್ಲ. ಅದು ವೆಂಡೆಲ್‌ಗೆ ನೆನಪಾದದ್ದು ಭಾನುವಾರ ಚರ್ಚಿನಲ್ಲಿ, ಪ್ರವಚನದ ನಡುವೆ. ಸೋಮವಾರ ಬೆಳಿಗ್ಗೆ ಕಾಲೇಜಿಗೆ ಹೋಗಿ ತನ್ನ ಮೇಲೆ ತಾನೇ ದೂರು ಬರೆದುಕೊಟ್ಟ, ಮೂರು ಪ್ರತಿಗಳಲ್ಲಿ. ಡಾರ್ನೆಲ್ ಒಂದು ಆಟ ಹೊರಗೆ ಕೂತ. ಆ ಆಟವನ್ನು ನಾವು ಒಂದು ಪಾಯಿಂಟಿನಿಂದ ಸೋತೆವು. ಅಲ್ಲಿಂದ ಶುರುವಾದ ಇಳಿಜಾರು ಇನ್ನೂ ಮುಗಿದಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ವೆಂಡೆಲ್‌ನದು ಅರ್ಧ ಸ್ಯಾಂಡ್‌ವಿಚ್ಚಿಗೆ ಹೋಯಿತು. ಅಂದಿನಿಂದ ತಂಡವನ್ನು ಮತ್ತೆ ಕಟ್ಟಿ ನಿಲ್ಲಿಸುವುದು ತನ್ನ ಋಣ ಎಂದು ಅವನು ನಂಬಿದ. ತಂಡವನ್ನು ಕಟ್ಟುವ ಬಗ್ಗೆ ಅವನ ಅಭಿಪ್ರಾಯಗಳು ಹನ್ನೊಂದು ನೋಟ್‌ಬುಕ್ಕುಗಳಲ್ಲಿ ತುಂಬಿವೆ. ಪ್ರತಿ ಗುರುವಾರ ಸಂಜೆ ಊರಿನ ಪಿಜ್ಜಾ ಅಂಗಡಿಯಿಂದ ರೇಡಿಯೋದಲ್ಲಿ ಬರುವ ಕೋಚ್ ಜೊತೆಗಿನ ಮಾತುಕತೆಗೆ ಮೊದಲ ಫೋನು ಅವನದೇ. ಇಪ್ಪತ್ತೇಳು ವರ್ಷಗಳಲ್ಲಿ ಆರು ಮಂದಿ ಕೋಚುಗಳು ಬದಲಾದರು, ಫೋನು ಮಾಡುವವನು ಬದಲಾಗಲಿಲ್ಲ. ಪ್ರತಿ ಆಗಸ್ಟಿನಲ್ಲೂ ಅವನ ಭವಿಷ್ಯವಾಣಿ ಒಂದೇ: ಈ ಸಲ ಎಂಟು ಗೆಲುವು. ಬಂದದ್ದು ಮೂರು, ಎರಡು, ನಾಲ್ಕು, ಒಂದು.

ಈ ವರ್ಷ ಅವನಿಗೆ ಹೊಸದೊಂದು ಜ್ಞಾನೋದಯವಾಯಿತು. ತಂಡವನ್ನು ಪಂಟರ್‌ನ ಸುತ್ತ ಕಟ್ಟಬೇಕು.

ಪಂಟರ್ ಅಂದರೆ ತಂಡ ಮುಂದೆ ಹೋಗಲಾರದೆ ಕೈಚೆಲ್ಲಿದಾಗ ಮೈದಾನಕ್ಕೆ ಬಂದು, ಚೆಂಡನ್ನು ಆದಷ್ಟು ದೂರ ಒದ್ದು, ಎದುರಾಳಿಯ ಕೈಗೆ ಒಪ್ಪಿಸಿ ಹೋಗುವವನು. ಅವನು ಬಂದ ಕೂಡಲೇ ಜನ ತಿಂಡಿ ತರಲು ಏಳುತ್ತಾರೆ. ಇಂಥವನ ಸುತ್ತ ತಂಡ ಕಟ್ಟುವುದೆಂದರೆ ಹಿತ್ತಲ ಬಾಗಿಲನ್ನು ಮೊದಲು ನಿಲ್ಲಿಸಿ ಅದರ ಸುತ್ತ ಮನೆ ಕಟ್ಟಿದ ಹಾಗೆ. ಆದರೆ ನಮ್ಮ ಪಂಟರ್ ಲಾಕಿ ಡನ್‌ಸ್ಟನ್ ಆಸ್ಟ್ರೇಲಿಯಾದವನು, ಇಪ್ಪತ್ತನಾಲ್ಕು ವರ್ಷದ ಉದ್ದ ಕಾಲಿನ ಆಸಾಮಿ, ಒದ್ದರೆ ಚೆಂಡು ಮೋಡದ ಯೋಗಕ್ಷೇಮ ವಿಚಾರಿಸಿಕೊಂಡು ಬರುತ್ತಿತ್ತು. ದೇಶದ ಲೆಕ್ಕದಲ್ಲೇ ಅವನು ಮೂರನೆಯವನು. ನಮ್ಮ ಕಾಲೇಜಿನಲ್ಲಿ ಯಾವುದೇ ವಿಷಯದಲ್ಲಿ ದೇಶಕ್ಕೆ ಮೂರನೆಯದು ಎನ್ನುವಂಥದ್ದು ಬೇರೇನೂ ಇಲ್ಲ.

"ಇರೋದ್ರ ಮೇಲೆ ಕಟ್ಬೇಕು ಕಣೋ," ಎಂದು ವೆಂಡೆಲ್ ತನ್ನ ಗೆಳೆಯ ಆರ್ಲೋಗೆ ಹೇಳಿದ. ಆರ್ಲೋ ಮೈದಾನದಲ್ಲಿ ಅವನ ಪಕ್ಕದ ಸೀಟಿನವನು, ನಿವೃತ್ತ ಅಂಚೆಯವನು, ತಂಡ ಸೋತಾಗ ಮಾತ್ರ ಬಾಯಿ ತುಂಬ ತಿನ್ನುವವನು, ಹಾಗಾಗಿ ದುಂಡಗಿದ್ದ. "ಮೊದಲ್ನೇ ವರ್ಷ ಲಾಕೀನ ಉಳಿಸ್ಕೊಳ್ಳೋದು. ಎರಡ್ನೇ ವರ್ಷ ತಡೆಯೋಕೆ ನಾಲ್ಕು ಜನ ದಢೂತಿ ಹುಡುಗ್ರನ್ನ ತರೋದು. ಎದುರಾಳೀನ ಇವ್ನು ಅಷ್ಟು ದೂರ ಅಟ್ತಾನೆ, ಅವ್ರು ಅಲ್ಲಿಂದ ನಡ್ಕೊಂಡು ಬರೋಷ್ಟರಲ್ಲಿ ಸುಸ್ತಾಗ್ತಾರೆ."

"ನಿನ್ನ ಯೋಜನೆ ಕೇಳೋಷ್ಟರಲ್ಲಿ ನಂಗೇ ಸುಸ್ತಾಯ್ತು," ಎಂದ ಆರ್ಲೋ.

ಅಷ್ಟರಲ್ಲಿ ಸುದ್ದಿ ಬಂತು. ದಕ್ಷಿಣದ ಒಂದು ದೊಡ್ಡ ಕಾಲೇಜು ಲಾಕಿಯ ಮೇಲೆ ಕಣ್ಣು ಹಾಕಿದೆ. ಈಗೇನು, ಡಿಸೆಂಬರ್ ಬಂದರೆ ಸಾಕು, ಆಟಗಾರರು ಒಂದು ಪಟ್ಟಿಯಲ್ಲಿ ಹೆಸರು ಬರೆಸಿ ಎಲ್ಲಿಗೆ ಬೇಕಾದರೂ ಹಾರಬಹುದು. ನಮ್ಮಲ್ಲಿ ಸ್ವಲ್ಪ ಚೆನ್ನಾಗಿ ಆಡಿದವರೆಲ್ಲ ಹಾರಿದ್ದಾರೆ. ನಮ್ಮದು ಬೆಳೆಸುವ ಮನೆ, ಉಣ್ಣುವವರು ಬೇರೆ. ಲಾಕಿಯೂ ಹೋದರೆ ಹನ್ನೊಂದನೆಯ ನೋಟ್‌ಬುಕ್ಕೂ ರದ್ದಿಗೆ. ಹನ್ನೆರಡನೆಯದನ್ನು ಬರೆಯಲು ಎಪ್ಪತ್ತೊಂದು ವರ್ಷದ ವೆಂಡೆಲ್‌ಗೆ ಧೈರ್ಯವಿರಲಿಲ್ಲ.

"ಹೋಗಿ ಆ ಹುಡುಗನ ಹತ್ರ ನೇರ ಮಾತಾಡು," ಎಂದಳು ಹೆಂಡತಿ ನಡೀನ್. "ಊಟಕ್ಕೆ ಕರಿ."

"ಊಟಕ್ಕಾ?" ವೆಂಡೆಲ್ ಬೆವತ. "ಇನ್ನೊಂದ್ಸಲ?"

"ಆ ನಿಯಮ ಈಗ ಇಲ್ಲ ವೆಂಡೆಲ್. ದೊಡ್ಡ ಕಾಲೇಜುಗಳಲ್ಲಿ ಹುಡುಗ್ರಿಗೆ ಕಾರು ಕೊಡ್ತಾರೆ, ಬಹಿರಂಗವಾಗಿ, ಫೋಟೋ ತೆಗೆಸ್ಕೊಂಡು."

"ಬರೆದಿದ್ದು ತೋರ್ಸು."

"ನಿನ್ನ ಕಟ್ಕೊಂಡಾಗಲೂ ಇಷ್ಟು ಕಾಗದ ಕೇಳಿರ್ಲಿಲ್ಲ ನಾನು. ಕೇಳ್ಬೇಕಿತ್ತು," ಎಂದು ನಡೀನ್ ಕೋಳಿ ಬೇಯಿಸಲು ಎದ್ದಳು.

ಸೀಸನ್ನಿನ ಕೊನೆಯ ಆಟ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ಶುಕ್ರವಾರ ಮಧ್ಯಾಹ್ನ. ಹಿಂದಿನ ದಿನ ಹಬ್ಬದೂಟದಲ್ಲಿ ತಿಂದ ಟರ್ಕಿ ಕೋಳಿ ಇನ್ನೂ ಹೊಟ್ಟೆಯಲ್ಲೇ ಇರುವಾಗ ಆಟವಿಟ್ಟರೆ ಯಾರು ಬರುತ್ತಾರೆ? ಎರಡು ಸಾವಿರದ ನೂರು ಜನ ಎಂದು ಮೈಕಿನಲ್ಲಿ ಘೋಷಿಸಿದರು. ಇದ್ದದ್ದು ಇನ್ನೂರಿಪ್ಪತ್ತು, ಆರ್ಲೋ ಎರಡು ಸಲ ಎಣಿಸಿದ. ಹಿಂದೆ ಇಟ್ಟಿಗೆ ಭಟ್ಟಿಗಳಿದ್ದ ಊರು ನಮ್ಮದು, ಹಾಗಾಗಿ ತಂಡದ ಹೆಸರು ಬ್ರಿಕ್‌ಮೇಕರ್ಸ್, ತಂಡದ ಗುರುತು ಇಟ್ಟಿಗೆ ವೇಷ ತೊಟ್ಟ ಒಬ್ಬ ವಿದ್ಯಾರ್ಥಿ. ಗಾಳಿಗೆ ಇಟ್ಟಿಗೆ ಮಗುಚಿ ಬಿತ್ತು. ಕೈ ನೆಲಕ್ಕೆ ಎಟುಕದೆ ಕಾಲು ಭಾಗದಷ್ಟು ಆಟ ಮುಗಿಯುವವರೆಗೆ ಅದು ಅಲ್ಲೇ ಇತ್ತು. ಲಾಕಿ ಹನ್ನೊಂದು ಸಲ ಒದ್ದ. ಹನ್ನೊಂದು ಸಲವೂ ವೆಂಡೆಲ್ ಎದ್ದು ನಿಂತು ಚಪ್ಪಾಳೆ ತಟ್ಟಿದ, ಒಬ್ಬನೇ. ಹದಿನೇಳು–ಮೂರರಲ್ಲಿ ಸೋತೆವು.

ಆಟ ಮುಗಿದ ಮೇಲೆ ವಾಹನ ನಿಲ್ಲಿಸುವ ಬಯಲಿನಲ್ಲಿ, ವೆಂಡೆಲ್‌ನ ಹಳೆಯ ವ್ಯಾನಿನ ಹಿಂದಿನ ಬಾಗಿಲು ತೆರೆದು ನಡೀನ್ ಪಾತ್ರೆ ಇಟ್ಟಿದ್ದಳು. ಬೇಯಿಸಿದ ಕೋಳಿಯನ್ನು ಎಳೆ ಎಳೆಯಾಗಿ ಬಿಡಿಸಿ, ಉಪ್ಪು ಬಿಸ್ಕತ್ತಿನ ಪುಡಿ ಬೆರೆಸಿ, ಮುದ್ದೆಗೂ ಗಂಜಿಗೂ ನಡುವಿನ ಹದಕ್ಕೆ ತಂದು ಬನ್ನಿನೊಳಗೆ ತುಂಬುವ ನಮ್ಮ ಕಡೆಯ ಸ್ಯಾಂಡ್‌ವಿಚ್ಚು. ನೋಡಲು ಚೆನ್ನಾಗಿರುವುದಿಲ್ಲ, ತಿಂದವರು ಬಿಡುವುದಿಲ್ಲ. ಆ ವಾಸನೆ ಹಿಡಿದು, ಒದ್ದೆ ಕೂದಲಿನಲ್ಲಿ, ಚಡ್ಡಿಯಲ್ಲೇ, ಲಾಕಿ ಡನ್‌ಸ್ಟನ್ ತಾನಾಗಿಯೇ ಬಂದು ನಿಂತ. ಕಾಲೇಜಿನ ಅಧ್ಯಕ್ಷರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರನ್ನೂ ಒಂದೇ ತೆರನಾಗಿ ಮಾತಾಡಿಸುವ ಮನುಷ್ಯ.

"ಗುರೂ, ಚಪ್ಪಾಳೆ ತಟ್ಟೋನು ನೀನೇ ಅಲ್ವಾ? ಎರಡು ವರ್ಷದಿಂದ ನೋಡ್ತಿದೀನಿ. ಒಂದು ಕೊಡ್ತೀಯಾ?"

ವೆಂಡೆಲ್‌ನ ಕೈ ಬನ್ನಿನ ಮೇಲೇ ನಿಂತಿತು. ಮೂರು ಪ್ರತಿಗಳ ದೂರು ಕಣ್ಣ ಮುಂದೆ ಬಂತು. "ಒಂದ್ನಿಮಿಷ," ಎಂದು ಫೋನು ತೆಗೆದು ಕಾಲೇಜಿನ ನಿಯಮಪಾಲನೆ ಕಚೇರಿಯ ಗ್ರೆಚೆನ್ ಓಡಮ್‌ಗೆ ಹಚ್ಚಿದ. ಅವಳು ರಜೆಯಲ್ಲಿ ತಂಗಿಯ ಮನೆಯಲ್ಲಿದ್ದಳು.

"ಮೇಡಂ, ವೆಂಡೆಲ್ ಸ್ಟಟ್ಸ್‌ಮನ್ ಮಾತಾಡ್ತಿರೋದು. ಒಬ್ಬ ಆಟಗಾರನಿಗೆ ಒಂದು ಸ್ಯಾಂಡ್‌ವಿಚ್ ಕೊಡಬಹುದಾ?"

"ಸ್ಟಟ್ಸ್‌ಮನ್ ಅವರೇ, ಎಷ್ಟು ಬೇಕಾದ್ರೂ ಕೊಡಿ. ಪಾತ್ರೇನೇ ಕೊಡಿ."

"ಬರೆದು ಕೊಡ್ತೀರಾ?"

ಪಾಪ, ಬರೆದು ಕಳಿಸಿದಳು. ಮೆಸೇಜು ಬಂದ ಮೇಲೆ ವೆಂಡೆಲ್ ಅದನ್ನು ಎರಡು ಸಲ ಓದಿದ, ನಡೀನ್‌ಗೆ ತೋರಿಸಿದ, ಆಮೇಲೆ ಬನ್ನು ಎತ್ತಿ ಲಾಕಿಯ ಕೈಗಿಟ್ಟ. ಇಡೀ ಸ್ಯಾಂಡ್‌ವಿಚ್ಚು. ಇಪ್ಪತ್ತೇಳು ವರ್ಷಗಳಿಂದ ಎದೆಯೊಳಗೆ ಸಿಕ್ಕಿಕೊಂಡಿದ್ದ ತುತ್ತು ಈಗ ಕೆಳಗಿಳಿದ ಹಾಗಾಯಿತು ಅವನಿಗೆ, ತಿನ್ನುತ್ತಿದ್ದವನು ಬೇರೆಯವನಾದರೂ.

ಸಂತೋಷದಲ್ಲಿ ಮೈಮರೆತು ವೆಂಡೆಲ್ ಹನ್ನೊಂದನೆಯ ನೋಟ್‌ಬುಕ್ಕನ್ನು ತೆಗೆದು ಲಾಕಿಯ ಮುಂದೆ ಹಿಡಿದ. "ನೋಡಪ್ಪ, ಎಲ್ಲಾ ನಿನ್ನ ಸುತ್ತಾನೇ ಇದೆ. ನೀನಿದ್ರೆ ಮುಂದಿನ ವರ್ಷ ಎಂಟು ಗೆಲುವು."

ಲಾಕಿ ಅಗಿಯುತ್ತಲೇ ಓದಿದ. ಓದುತ್ತಾ ಓದುತ್ತಾ ಅವನ ಮುಖ ಸಣ್ಣದಾಯಿತು.

"ಇದೇ ನೋಡು ನನ್ನ ಚಿಂತೆ," ಎಂದ. "ಆ ದೊಡ್ಡ ಕಾಲೇಜಿಗೆ ಹೋಗೋದು ಬೇಡ ಅಂತ ನಾನು ಯಾಕೆ ಅಂದ್ಕೊಂಡಿದ್ದೆ ಗೊತ್ತಾ? ಅವ್ರು ಬರೀ ಗೆಲ್ತಾರೆ. ಹೋದ ವರ್ಷ ಇಡೀ ಸೀಸನ್ನಲ್ಲಿ ಅವ್ರ ಪಂಟರ್ ಒದ್ದಿದ್ದು ಇಪ್ಪತ್ತೆರಡು ಸಲ. ನಾನಿಲ್ಲಿ ಎರಡು ಶನಿವಾರಕ್ಕೆ ಅಷ್ಟು ಒದೀತೀನಿ. ಮುಂದೆ ವೃತ್ತಿ ತಂಡಕ್ಕೆ ಸೇರಬೇಕು ಅಂದ್ರೆ ನಾನು ಒದೀತಾ ಇರ್ಬೇಕು ಗುರೂ. ನಂಗೆ ಈ ಜಾಗ ಸ್ವರ್ಗ. ಆದ್ರೆ ಮೊನ್ನೆ ಕೋಚೂ ಮುಂದಿನ ವರ್ಷ ಗೆದ್ದೇ ಗೆಲ್ತೀವಿ ಅಂದ್ರು. ಈಗ ನೀನೂ ಎಂಟು ಅಂತಿದೀಯ. ಇಲ್ಲೂ ಗೆಲ್ಲೋದಾದ್ರೆ ನಾನು ಅಲ್ಲಿಗೇ ಹೋಗ್ಬಹುದಲ್ವಾ, ಅಲ್ಲಿ ಚಳಿಯಾದ್ರೂ ಇಲ್ಲ."

ವೆಂಡೆಲ್ ನೋಟ್‌ಬುಕ್ಕನ್ನು ಮೆಲ್ಲನೆ ಮುಚ್ಚಿದ. ಪಂಟರ್ ಉಳಿಯಬೇಕಾದರೆ ಒಂದೇ ಒಂದು ಮಾತು ಹೇಳಬೇಕು. ಆ ಮಾತನ್ನು ಅವನು ಇಪ್ಪತ್ತೇಳು ವರ್ಷಗಳಲ್ಲಿ ಹೆಂಡತಿಯ ಮುಂದೂ ಆಡಿರಲಿಲ್ಲ. ಸುಳ್ಳಾದರೆ ಹೇಳಲು ಬಾಯಿ ಬರುವುದಿಲ್ಲ. ಕಣ್ಣು ಮುಚ್ಚಿ ತನ್ನೊಳಗೆ ಇಳಿದು ನೋಡಿದ, ನೆಲಮಾಳಿಗೆಗೆ ಇಳಿದು ಫರ್ನೇಸ್ ನೋಡುವಂತೆ. ನೋಡಿದರೆ ಅದು ಸುಳ್ಳಾಗಿರಲಿಲ್ಲ. ಅವನಿಗೆ ತುಂಬ ನೋವು ಕೊಟ್ಟದ್ದು ಅದೇ.

"ಸೋಲ್ತೀವಪ್ಪ," ಎಂದ.

ಆರ್ಲೋ ಅಗಿಯುವುದನ್ನು ನಿಲ್ಲಿಸಿದ. ನಡೀನ್ ಕೈಯಲ್ಲಿನ ಸೌಟು ಪಾತ್ರೆಯಲ್ಲೇ ಉಳಿಯಿತು.

"ನಿಜವಾಗ್ಲೂ?" ಎಂದ ಲಾಕಿ.

"ನಮ್ಮ ಎಡಗಡೆ ತಡೆಯೋನಿಗೆ ಮೊಣಕಾಲೇ ಇಲ್ಲ," ಎಂದು ವೆಂಡೆಲ್ ಮುಂದುವರಿಸಿದ. "ಚೆಂಡೆಸೆಯೋ ಹುಡುಗ ಎದುರಾಳಿ ಕಡೆಯವರ ಕೈಗೇ ಸರಿಯಾಗಿ ಎಸೀತಾನೆ. ಮುಂದಿನ ವರ್ಷ ಮೊದಲ ನಾಲ್ಕು ಆಟ ಬೇರೆ ಊರಲ್ಲಿ. ಎರಡು ಗೆದ್ರೆ ದೇವರು ದೊಡ್ಡೋನು. ಆಟಕ್ಕೆ ಒಂಬತ್ತು ಸಲ ಆದ್ರೂ ಒದೀತೀಯ. ನನ್ನ ಮಾತು ನಂಬು, ಈ ತಂಡ ನಂಗೆ ಗೊತ್ತು."

ಲಾಕಿ ಅವನ ಬೆನ್ನು ತಟ್ಟಿ, ಇನ್ನೊಂದು ಸ್ಯಾಂಡ್‌ವಿಚ್ ಎತ್ತಿಕೊಂಡು ಹೋದ. ವೆಂಡೆಲ್ ವ್ಯಾನಿನ ಅಂಚಿನಲ್ಲಿ ಕುಸಿದು ಕೂತ. ನಡೀನ್ ಏನೂ ಛೇಡಿಸದೆ ಅವನ ಪಕ್ಕ ಕೂತಳು.

ಸೀಸನ್ನಿನ ಕೊನೆಯ ರೇಡಿಯೋ ಮಾತುಕತೆ ಮುಂದಿನ ಗುರುವಾರ ಬಂತು. ಅಡುಗೆಮನೆಯಲ್ಲಿ ಫೋನು ಕಿವಿಗಿಟ್ಟುಕೊಂಡು ವೆಂಡೆಲ್ ಕಾದ. ಮೊದಲು ಕೋಚ್ ಮಕ್ಕಿಬೆನ್‌ನ ದನಿ ಬಂತು.

"ಒಂದು ಒಳ್ಳೆ ಸುದ್ದಿ ಇದೆ. ಲಾಕಿ ಡನ್‌ಸ್ಟನ್ ಎಲ್ಲೂ ಹೋಗ್ತಿಲ್ಲ. ಯಾಕೆ ಉಳ್ಕೊಂಡೆ ಅಂತ ಕೇಳ್ದೆ. ಈ ಊರಿನ ಒಬ್ಬರು ಹಿರಿಯರು ನಮ್ಮ ತಂಡದ ಭವಿಷ್ಯದ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಿದ್ರು, ಅವ್ರ ನಂಬಿಕೆ ನೋಡಿ ಉಳ್ಕೊಂಡೆ ಅಂದ. ಅವ್ರು ಯಾರೋ ಗೊತ್ತಿಲ್ಲ, ದೇವರು ಅವ್ರನ್ನ ಚೆನ್ನಾಗಿಟ್ಟಿರ್ಲಿ. ಈಗ ಮೊದಲ ಫೋನು. ವೆಂಡೆಲ್, ಹೇಳಿ, ಮುಂದಿನ ವರ್ಷ ಎಂಟು ಗೆಲುವು ತಾನೇ?"

ವೆಂಡೆಲ್ ನಡೀನ್ ಕಡೆ ನೋಡಿದ. ಅವಳು ನಗು ತಡೆಯಲು ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಕೋಚ್," ಎಂದ ವೆಂಡೆಲ್, "ಅವಸರ ಏನೂ ಇಲ್ಲ. ನೀವು ಈಗ ಹೇಗೆ ನಡೆಸ್ತಿದ್ದೀರೋ ಹಾಗೇ ಇನ್ನೊಂದು ವರ್ಷ ನಡೆಸಿ."

ಕೋಚ್ ಎರಡೆರಡು ಸಲ ಥ್ಯಾಂಕ್ಸ್ ಹೇಳಿದ. ಇಪ್ಪತ್ತೇಳು ವರ್ಷಗಳಲ್ಲಿ ವೆಂಡೆಲ್ ಸ್ಟಟ್ಸ್‌ಮನ್ ಬಾಯಿಂದ ಒಳ್ಳೆಯ ಮಾತು ಕೇಳಿದ ಮೊದಲ ಕೋಚ್ ತಾನೇ ಎಂದು ಅವನು ಇಂದಿಗೂ ಹೇಳಿಕೊಳ್ಳುತ್ತಾನೆ.